ದಯವಿಟ್ಟು ಎಣಿಸಬೇಡಿ

ಬ್ಲ್ಯಾಕ್‌ಜಾಕ್ ಅಂದರೆ ಕ್ಯಾಸಿನೊಗಳಲ್ಲಿ ದುಡ್ಡು ಕಟ್ಟಿ ಆಡುವ ಇಸ್ಪೀಟು. ಎಲೆ ಎಣಿಸುತ್ತಾನೆ ಅಂತ ಆಟಗಾರನನ್ನು ಅದರ ಮೇಜಿನಿಂದ ಎಬ್ಬಿಸಿ ಕಳಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಸೂಟು ತೊಟ್ಟವನೊಬ್ಬ ಮೆಲ್ಲಗೆ ಬಂದು ಭುಜ ತಟ್ಟುತ್ತಾನೆ. "ಸರ್, ಬೇರೆ ಏನು ಬೇಕಾದರೂ ಆಡಿ, ಬ್ಲ್ಯಾಕ್‌ಜಾಕ್ ಮಾತ್ರ ಬೇಡ." ಎಂಥ ವಿನಯ!

ಆ ಆಟಗಾರನೇನು ತೋಳಿನಲ್ಲಿ ಎಕ್ಕ ಬಚ್ಚಿಟ್ಟಿದ್ದನಾ? ಇಲ್ಲ. ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡಿಸಿದ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆದ. ಉಳಿದವನ್ನು ಸುಮ್ನೆ ಬಿಟ್ಟ. ಲೆಕ್ಕ ಏರಿತು ಅಂದರೆ ಆಟಗಾರನಿಗೆ ಅನುಕೂಲವಾದ ದೊಡ್ಡ ಎಲೆಗಳು ಇನ್ನೂ ಜಾಸ್ತಿ ಉಳಿದಿವೆ. ಆಗ ಜಾಸ್ತಿ ಕಟ್ಟಿದ, ಅಷ್ಟೇ. ಚೆನ್ನಾಗಿ ಆಡಿದರೂ ಸಿಗುವ ಮೇಲುಗೈ ಶೇ. 1ರ ಆಸುಪಾಸು. ಲಾಸ್ ವೇಗಸ್ ಇರುವ ಅಮೆರಿಕದ ನೆವಾಡಾದಲ್ಲಿ ಬರೀ ತಲೆಯಲ್ಲಿ ಎಣಿಸುವುದು ಅಪರಾಧವೂ ಅಲ್ಲ. ಆದರೆ ಜಾಗ ಕ್ಯಾಸಿನೊದವರದ್ದು, ಹೊರಡಿ ಅಂದರೆ ಹೊರಡಬೇಕು. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಕೆನ್ ಯೂಸ್ಟನ್ ಅನ್ನುವ ಎಣಿಸುವವನೊಬ್ಬ ಕೋರ್ಟಿಗೆ ಹೋಗಿ 1982ರಲ್ಲಿ ಗೆದ್ದ. ಅಲ್ಲಿ ಎಣಿಸುವವರನ್ನು ಹೊರಹಾಕುವಂತಿಲ್ಲ. ಹಾಗಾಗಿ ಎಣಿಸುವವನು ಬಾಜಿ ಏರಿಸುವ ಹೊತ್ತಿಗೆ ಎಲೆ ಮತ್ತೆ ಕಲೆಸುತ್ತಾರೆ!

ಇನ್ನು ಮರ್ಯಾದೆಯ ವಿಷಯ. ದುಡ್ಡನ್ನು ಎಲೆ ಹಂಚುವ ಡೀಲರ್ ಕೈಗೆ ಕೊಡಬಾರದು, ಮೇಜಿನ ಮೇಲಿಡಬೇಕು. ಎಲೆ ಬೇಕೋ ಬೇಡವೋ ಅನ್ನುವುದನ್ನು ಕೈಸನ್ನೆಯಲ್ಲೇ ಹೇಳಬೇಕು, ಮೇಲಿನ ಕ್ಯಾಮೆರಾಕ್ಕೆ ಕಾಣಬೇಕಲ್ಲ. ಇದು ಎಲ್ಲರಿಗೂ. ಎಣಿಸುವವನಿಗೆ ಇನ್ನೂ ಒಂದು ಪಾಠ ಜಾಸ್ತಿ: ಪೆದ್ದನಾಗಿ ಕಾಣುವುದು. ಲೋಟದಲ್ಲಿ ಸೋಡಾ, ಮೇಲೊಂದು ನಿಂಬೆ ಹೋಳು, ಜಿನ್ ಕುಡಿದಂತೆ ತೂಗಾಟ. ತಲೆಯಲ್ಲಿ ಪ್ಲಸ್ ಏಳು ಓಡುತ್ತಿದೆ. ಅಷ್ಟರಲ್ಲಿ ಮೇಜುಗಳನ್ನು ನೋಡಿಕೊಳ್ಳುವ ಪಿಟ್ ಬಾಸ್ ಬಂದು ಯಾವ ಊರು ಅಂತ ವಿಚಾರಿಸುತ್ತಾನೆ. ನಗಬೇಕು, ಊರು ಹೇಳಬೇಕು, ಏಳನ್ನೂ ಮರೆಯಬಾರದು. ಬಾಜಿ 10 ಡಾಲರ್‌ನಿಂದ 200ಕ್ಕೆ ಜಿಗಿಯಬಾರದು. ಗೆದ್ದರೆ ತನಗೇ ಆಶ್ಚರ್ಯ ಆದವನಂತೆ ಬಾಯಿ ಬಿಡಬೇಕು. ಇಷ್ಟು ಚೆನ್ನಾಗಿ ನಟಿಸುವವನು ನಾಟಕ ಕಂಪನಿ ಸೇರಿದ್ದರೆ ಮೇಜಿಗಿಂತ ಜಾಸ್ತಿ ದುಡಿಯುತ್ತಿದ್ದನೇನೋ.

ತಮಾಷೆ ಏನು ಗೊತ್ತಾ? ಎಡ್ವರ್ಡ್ ಥಾರ್ಪ್ ಅನ್ನುವ ಗಣಿತದ ಮೇಷ್ಟ್ರು 1962ರಲ್ಲಿ ಈ ವಿದ್ಯೆಯನ್ನು ಪುಸ್ತಕ ಮಾಡಿ ಹಂಚಿದರು. 1964ರಲ್ಲಿ ಲಾಸ್ ವೇಗಸ್‌ನವರು ಹೆದರಿ ಆಟದ ನಿಯಮವನ್ನೇ ಬಿಗಿ ಮಾಡಿದರು. ಮಾಮೂಲಿ ಗಿರಾಕಿಗಳೂ ಎದ್ದು ಹೋದರು. ಕೆಲವೇ ವಾರಗಳಲ್ಲಿ ಹಳೇ ನಿಯಮ ವಾಪಸ್. ಅರ್ಧಂಬರ್ಧ ಎಣಿಸಲು ಕಲಿತು ಬಂದವರಿಂದಲೇ ಆಮೇಲೆ ಒಳ್ಳೇ ವ್ಯಾಪಾರ. ಈಗ ಕ್ಯಾಸಿನೊದವರು ಜಾಣರಾಗಿದ್ದಾರೆ. 10 ಡಾಲರ್ ಕಟ್ಟಿ, ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತರ ಬೆಲೆಯ ಎಲೆ, ಅಂದರೆ 'ಬ್ಲ್ಯಾಕ್‌ಜಾಕ್' ಬಿದ್ದರೆ ಮೊದಲು 15 ಕೊಡುತ್ತಿದ್ದರು. ಈಗ ಎಷ್ಟೋ ಮೇಜುಗಳಲ್ಲಿ 12. ಅದನ್ನು ಮಾತ್ರ ಯಾರೂ ಎಣಿಸುವುದಿಲ್ಲ, ಅಲ್ವಾ?

ನಗು ಬರುವುದು ಇಲ್ಲಿಯವರೆಗೆ. ಶೇ. 1ರ ಮೇಲುಗೈಯನ್ನು ಹಿಡಿಯುವ ಆ ಕ್ಯಾಮೆರಾಕ್ಕೆ ಪಕ್ಕದ ಮೇಜಿನವನೂ ಕಾಣುತ್ತಾನೆ. ಎಟಿಎಮ್ಮಿಗೆ ಮೂರನೇ ಸಲ ಎದ್ದು ಹೋಗಿ ಬಂದಿದ್ದಾನೆ, ಕೈ ನಡುಗುತ್ತಿದೆ. ಅವನ ಭುಜ ಯಾರೂ ತಟ್ಟುವುದಿಲ್ಲ. ಆಟ ಸಾಕು ಅಂತ ಅವನಿಗೆ ಯಾರೂ ಹೇಳುವುದಿಲ್ಲ. ಅವನಿಗೆ ಕುಡಿಯಲು ಪುಕ್ಕಟೆ, ರೂಮೂ ಪುಕ್ಕಟೆ. ಇದಕ್ಕೆ ಅವರು ಆತಿಥ್ಯ ಅಂತ ಹೆಸರಿಟ್ಟುಕೊಂಡಿದ್ದಾರೆ, ನಾಚಿಕೆಯಿಲ್ಲದೆ.