ಇದ್ದ ಕರ್ಫ್ಯೂ, ಇಲ್ಲದ ಕರ್ಫ್ಯೂ

ದಕ್ಷಿಣ ಕೊರಿಯಾದಲ್ಲಿ 2011ರಿಂದ 2019ರವರೆಗೆ ಒಂದು ರಾತ್ರಿ ಕರ್ಫ್ಯೂ ಇತ್ತು. ಅದು ಊರಿನವರಿಗಲ್ಲ. ನನ್ನಂಥ ಪರದೇಶಿಗಳಿಗೂ ಅಲ್ಲ. ಅಮೆರಿಕದ ಸೈನಿಕರಿಗೆ ಮಾತ್ರ. ಅಲ್ಲಿರುವ ಅವರ ಸಂಖ್ಯೆ ಸುಮಾರು 28,500. ಮೊದಮೊದಲು ಗಂಟೆಗಳು ಆಚೀಚೆ ಆದವು, ಆಮೇಲೆ ರಾತ್ರಿ ಒಂದರಿಂದ ಬೆಳಗಿನ ಐದು ಎಂದು ನಿಂತಿತು. ಆ ಹೊತ್ತಿನಲ್ಲಿ ಸೈನಿಕ ಕ್ಯಾಂಪಿನ ಒಳಗಿರಬೇಕು, ಇಲ್ಲಾ ಮನೆಯಲ್ಲೋ ಹೋಟೆಲ್ ರೂಮಿನಲ್ಲೋ ಇರಬೇಕು. ಬೀದಿಯಲ್ಲಿ, ಬಾರಿನಲ್ಲಿ ಕಾಣಿಸಬಾರದು.

ಈ ನಿಯಮವನ್ನು ಕೊರಿಯಾ ಸರ್ಕಾರ ಮಾಡಿರಲಿಲ್ಲ ಅನ್ನುವುದೇ ಇಲ್ಲಿನ ಸ್ವಾರಸ್ಯ. 2011ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಸೋಲ್‌ನ ಉತ್ತರಕ್ಕಿರುವ ದೊಂಗ್‌ದುಚೊನ್ ಊರಿನಲ್ಲಿ ಒಬ್ಬ ಸೈನಿಕ ಹದಿಹರೆಯದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ. ಜನ ಸಿಟ್ಟಿಗೆದ್ದರು. ಅಕ್ಟೋಬರ್ ಮೊದಲ ವಾರದಲ್ಲೇ ಅಲ್ಲಿನ ಅಮೆರಿಕ ಪಡೆಯ ಮುಖ್ಯಸ್ಥ ಜನರಲ್ ಜೇಮ್ಸ್ ಥರ್ಮನ್ ತನ್ನವರ ಮೇಲೆ ತಾನೇ ಕರ್ಫ್ಯೂ ಹಾಕಿದ. ಇದೇನೂ ಹೊಸದಾಗಿರಲಿಲ್ಲ. ಹಿಂದೆ ವರ್ಷಗಟ್ಟಲೆ ಇದ್ದದ್ದನ್ನು 2010ರಲ್ಲಷ್ಟೇ ತೆಗೆದಿದ್ದರು. ಅದೇ ವಾಪಸ್ ಬಂತು.

ಹಾಗಾಗಿ ಕೊರಿಯಾದ ಕಾನೂನಿನ ಲೆಕ್ಕದಲ್ಲಿ ಇದು ಅತಿಥಿಗಳು ತಾವಾಗಿ ಒಪ್ಪಿಕೊಂಡ ಶಿಸ್ತು, ಅಷ್ಟೆ. ರಾತ್ರಿ ಎರಡಕ್ಕೆ ಬಿಯರ್ ಕುಡಿಯುತ್ತ ಕೂತ ಸೈನಿಕ ಆ ದೇಶದ ಯಾವ ಕಾನೂನನ್ನೂ ಮುರಿದಂತೆ ಆಗುತ್ತಿರಲಿಲ್ಲ. ಬಾರಿನವನೂ ಮುರಿದಂತೆ ಆಗುತ್ತಿರಲಿಲ್ಲ. ಹಾಗಾದರೆ ಇದನ್ನು ಕಾಯುತ್ತಿದ್ದವರು ಯಾರು?

ನಾನು ಕೊರಿಯಾಗೆ ಕೆಲಸಕ್ಕೆ ಬಂದಾಗ ಈ ಕರ್ಫ್ಯೂ ಇನ್ನೂ ಇತ್ತು. ಸೋಲ್‌ನ ಇಟೇವಾನ್ ಬೀದಿಗೆ ನಾವು ಹೋಗುತ್ತಿದ್ದದ್ದು ಊಟಕ್ಕೆ, ಮಸಾಲೆ ಸಾಮಾನಿಗೆ. ಅಲ್ಲಿ ದೊಡ್ಡ ಮಸೀದಿ ಇದೆ, ಅದರ ಸುತ್ತ ಹಲಾಲ್ ಅಂಗಡಿಗಳಿವೆ, ನಾಲ್ಕು ಹೆಜ್ಜೆಗೊಂದು ಇಂಡಿಯನ್ ಹೋಟೆಲ್. (ಬಟರ್ ನಾನ್ ಎಲ್ಲ ಕಡೆ ಸಿಗುತ್ತೆ, ಒಂದು ಒಳ್ಳೆ ದೋಸೆಗೆ ಮಾತ್ರ ಪರದಾಟ.) ಪಕ್ಕದಲ್ಲೇ ಯೋಂಗ್‌ಸಾನ್, ಅಂದರೆ ಅಮೆರಿಕದವರ ದೊಡ್ಡ ಸೇನಾ ನೆಲೆ ಇತ್ತು. ಅದಕ್ಕೇ ಆ ಬೀದಿ ಪರದೇಶಿಗಳ ಬೀದಿ ಆದದ್ದು.

ಒಂದು ಗಂಟೆ ಸಮೀಪಿಸಿದರೆ ಮಿಲಿಟರಿ ಪೊಲೀಸರು ಬರುತ್ತಿದ್ದರು. ಇಬ್ಬರು, ಮೂವರು, ಸಮವಸ್ತ್ರದಲ್ಲಿ. ಜೊತೆಗೆ ಕಟೂಸಾ ಹುಡುಗರು ಇರುತ್ತಿದ್ದದ್ದುಂಟು. ಕಟೂಸಾ ಅಂದರೆ ಅಮೆರಿಕದ ಪಡೆಯೊಳಗೆ ಸೇವೆ ಮಾಡುವ ಕೊರಿಯಾದ ಸೈನಿಕರು, 1950ರ ಯುದ್ಧಕಾಲದಿಂದ ಬಂದ ವ್ಯವಸ್ಥೆ. ಅಂಗಡಿಯವನ ಹತ್ತಿರ ಮಾತಾಡೋದಕ್ಕೆ ಅವರು ಬೇಕು. ಗಸ್ತಿನವರು ಬಾರಿನೊಳಗೆ ಹೋಗಿ ಕಣ್ಣಾಡಿಸುತ್ತಿದ್ದರು. ತಲೆಗೂದಲು ಸಣ್ಣಗೆ ಕತ್ತರಿಸಿದವರ ಹತ್ತಿರ ನಿಂತು ಗುರುತಿನ ಚೀಟಿ ಕೇಳುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೊರಿಯಾದ ಪೊಲೀಸರು ಆಚೆ ನಿಂತಿದ್ದರೂ ಅವರ ಗಮನ ಕುಡಿದು ರಸ್ತೆ ಮಧ್ಯೆ ನಿಂತವರ ಮೇಲೆ, ಟ್ಯಾಕ್ಸಿ ಜಗಳದ ಮೇಲೆ. ಕರ್ಫ್ಯೂ ಅವರ ಕೆಲಸವಾಗಿರಲಿಲ್ಲ. ಹಾಗಂತ ಅವರಿಗೆ ಪರದೇಶಿಯ ಚೀಟಿ ಕೇಳುವ ಅಧಿಕಾರ ಇಲ್ಲ ಅಂತಲ್ಲ. ಹದಿನೇಳು ತುಂಬಿದ ಪ್ರತಿ ಪರದೇಶಿಯೂ ಪಾಸ್‌ಪೋರ್ಟ್ ಅಥವಾ ನೋಂದಣಿ ಕಾರ್ಡು ಜೇಬಿನಲ್ಲಿ ಇಟ್ಟುಕೊಂಡಿರಬೇಕು ಅನ್ನುವುದು ಇಲ್ಲಿನ ಕಾನೂನು. ಮನಸ್ಸು ಮಾಡಿದ್ದರೆ ಆ ನೆಪ ಸಾಕಿತ್ತು.

ನಿಯಮ ನಡೆಯುತ್ತಿದ್ದದ್ದು ಬೇರೆ ಭಯದಿಂದ. ಸಿಕ್ಕಿಬಿದ್ದ ಸೈನಿಕನ ಮೇಲೆ ಅವನ ಸೇನೆಯ ಕಾನೂನಿನಡಿ ಆಜ್ಞೆ ಮೀರಿದ ಆರೋಪ ಬರುತ್ತಿತ್ತು. ಕೋರ್ಟಿಗೆ ಹೋಗದೆಯೇ ಮೇಲಧಿಕಾರಿ ಶಿಕ್ಷೆ ಕೊಡಬಹುದು. ಸಂಬಳ ಕತ್ತರಿಸಬಹುದು, ಒಂದು ದರ್ಜೆ ಕೆಳಗಿಳಿಸಬಹುದು. ಬಾರಿನವನಿಗೂ ಭಯ ಇತ್ತು. ಸೈನಿಕರು ಹೋಗಬಾರದ ಅಂಗಡಿಗಳ ಪಟ್ಟಿಗೆ ಹೆಸರು ಸೇರಿತು ಅಂದರೆ ವ್ಯಾಪಾರ ಮುಗೀತು. ಕಳ್ಳದಾರಿಗಳೂ ಇದ್ದವು ಬಿಡಿ. ಹೋಟೆಲ್ ರೂಮಿನಲ್ಲಿರಲು ಅಡ್ಡಿ ಇಲ್ಲವಲ್ಲ, ಹತ್ತಿರದ ಮೋಟೆಲ್ ಸೇರಿಕೊಂಡು ಮೊದಲ ಮೆಟ್ರೋ ಹೊರಡುವವರೆಗೆ ಕಾಲ ಕಳೆದರೆ ಆಯಿತು.

ಈ ಗಸ್ತಿನವರು ತಮ್ಮ ಗೆರೆ ದಾಟಿದಾಗ ಏನಾಯಿತು ಅನ್ನೋದನ್ನೂ ಹೇಳಬೇಕು. 2012ರ ಜುಲೈನಲ್ಲಿ ಪ್ಯೊಂಗ್‌ಟೇಕ್‌ನ ವಾಯುನೆಲೆಯ ಹೊರಗೆ, ಕಾರು ನಿಲ್ಲಿಸಿದ ವಿಚಾರಕ್ಕೆ ಶುರುವಾದ ಜಗಳದಲ್ಲಿ, ಅಮೆರಿಕದ ಮಿಲಿಟರಿ ಪೊಲೀಸರು ಮೂವರು ಕೊರಿಯನ್ನರಿಗೆ ಕೈಕೋಳ ಹಾಕಿದರು. ದೇಶವೆಲ್ಲ ಗದ್ದಲ. ನಮ್ಮ ಬೀದಿಯಲ್ಲಿ ನಮಗೇ ಕೋಳವಾ? ಅದೇ ಥರ್ಮನ್ ಕ್ಷಮೆ ಕೇಳಬೇಕಾಯಿತು. ಅವರ ಅಧಿಕಾರ ಅವರ ಸೈನಿಕರ ಮೇಲೆ ಮಾತ್ರ, ಅದಕ್ಕಿಂತ ಒಂದಿಂಚೂ ಆಚೆ ಇಲ್ಲ ಅನ್ನೋದನ್ನು ಊರಿನವರು ಗಟ್ಟಿಯಾಗಿ ಹಿಡಿದರು.

ಕೊರಿಯನ್ನರಿಗೆ ಈ ವಿಷಯದಲ್ಲಿ ನೆನಪು ಜಾಸ್ತಿ. 1945ರ ಸೆಪ್ಟೆಂಬರ್‌ನಲ್ಲಿ ಜಪಾನ್ ಸೋತು ಅಮೆರಿಕದ ಸೇನೆ ಇಲ್ಲಿ ಇಳಿದಾಗ ಅದು ಮಾಡಿದ ಮೊದಲ ಕೆಲಸಗಳಲ್ಲಿ ರಾತ್ರಿ ಕರ್ಫ್ಯೂ ಒಂದು. ಹೇರಿದ್ದು ಕೊರಿಯನ್ನರ ಮೇಲೆ! ಆಮೇಲೆ ಬಂದ ಅವರದೇ ಸರ್ಕಾರಗಳು ಅದನ್ನು ಬಿಡಲಿಲ್ಲ. ಮಧ್ಯರಾತ್ರಿಯಿಂದ ನಾಲ್ಕರವರೆಗೆ ಇದ್ದ ಅದು ಹೋದದ್ದು 1982ರ ಜನವರಿ 5ಕ್ಕೆ. ಮೂವತ್ತಾರು ವರ್ಷ! ಹನ್ನೆರಡಕ್ಕೆ ಸೈರನ್ ಕೂಗುತ್ತಿತ್ತು, ಬಸ್ಸು ತಪ್ಪಿದವರು ಪೊಲೀಸ್ ಠಾಣೆಯಲ್ಲಿ ಬೆಳಗು ಮಾಡುತ್ತಿದ್ದರು, ಕ್ರಿಸ್‌ಮಸ್ ಹಿಂದಿನ ರಾತ್ರಿಯಂಥ ಕೆಲವೇ ದಿನ ಬಿಡುವು. ಅರವತ್ತು ದಾಟಿದ ಯಾರನ್ನೇ ಮಾತಾಡಿಸಿ, ಒಂದು ಕಥೆ ಗ್ಯಾರಂಟಿ. ಅಂಥವರ ಕಣ್ಣೆದುರಿಗೇ 2011ರಲ್ಲಿ ಕರ್ಫ್ಯೂ ಅಮೆರಿಕದವರ ಕೊರಳಿಗೆ ಬಿತ್ತು. ಅವರು ನಕ್ಕಿದ್ದರೆ ಅದರಲ್ಲಿ ತಪ್ಪೇನಿದೆ?

ಇದರಿಂದ ಅಪರಾಧ ನಿಂತಿತಾ ಅಂದರೆ ನನಗೆ ಅನುಮಾನ. 2013ರ ಮಾರ್ಚ್‌ನಲ್ಲಿ ಇದೇ ಇಟೇವಾನ್‌ನಲ್ಲಿ ಸೈನಿಕರು ಆಟಿಕೆ ಗನ್ನಿನಿಂದ ಜನರ ಕಡೆ ಗುಂಡು ಹಾರಿಸಿ, ಕಾರಿನಲ್ಲಿ ಓಡಿ, ಪೊಲೀಸರು ನಿಜವಾದ ಗುಂಡು ಹಾರಿಸುವವರೆಗೂ ಹೋಯಿತು. ಅದು ಶುರುವಾದದ್ದು ಮಧ್ಯರಾತ್ರಿಯ ಹೊತ್ತಿಗೆ, ಕರ್ಫ್ಯೂಗೆ ಇನ್ನೂ ಸಮಯ ಇತ್ತು. ಒಬ್ಬ ಮಾಡಿದ್ದಕ್ಕೆ ಇಪ್ಪತ್ತೆಂಟು ಸಾವಿರ ಜನರನ್ನು ಮಲಗಿಸುವುದು ನ್ಯಾಯವಾ ಅನ್ನುವ ಪ್ರಶ್ನೆಯೂ ಇದೆ. 2019ರ ಜೂನ್‌ನಲ್ಲಿ ಜನರಲ್ ರಾಬರ್ಟ್ ಏಬ್ರಮ್ಸ್ ಇದನ್ನು ತಡೆಹಿಡಿದಾಗ ನಾನು ಸರಿ ಅಂದುಕೊಂಡೆ. ಈಗ ಜಪಾನಿನಲ್ಲಿ ಇಂಥದ್ದೇ ಮತ್ತೆ ಶುರುವಾಗಿದೆ. ಓಕಿನಾವಾದ ಲೈಂಗಿಕ ದೌರ್ಜನ್ಯ ಪ್ರಕರಣಗಳ ಬಳಿಕ 2024ರ ಅಕ್ಟೋಬರ್‌ನಿಂದ ರಾತ್ರಿ ಒಂದರಿಂದ ಐದರವರೆಗೆ ಅಲ್ಲಿನ ಅಮೆರಿಕದ ಸೈನಿಕರು ಬಾರುಗಳಲ್ಲಿ ಇರುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಓಕಿನಾವಾ ಪೊಲೀಸರೂ ಅಮೆರಿಕದವರೂ ಒಟ್ಟಿಗೆ ಗಸ್ತು ನಡೆದರು.

ಆದರೂ ಒಂದು ವಿಷಯದಲ್ಲಿ ಕೊರಿಯಾದ ಪೊಲೀಸರನ್ನು ಮೆಚ್ಚುತ್ತೇನೆ. ನಿಯಮ ಯಾರದೋ ಅವರೇ ಕಾಯಲಿ ಅಂತ ಅವರು ಕೈಕಟ್ಟಿ ನಿಂತರು. ನಮ್ಮ ಕಡೆ ಹೇಗೆ?

ಬೈಲಕುಪ್ಪೆಯನ್ನು ನೋಡಿ. ಟಿಬೆಟಿಯನ್ನರಿಗೆ ಮೈಸೂರು ರಾಜ್ಯ ಜಾಗ ಕೊಟ್ಟು, 1960ರ ದಶಕದ ಶುರುವಿನಿಂದ ಬೆಳೆದ ಊರು. ಗೋಲ್ಡನ್ ಟೆಂಪಲ್ ನೋಡಲು ಯಾವ ದೇಶದವರೂ ಹಗಲು ಬರಬಹುದು. ರಾತ್ರಿ ಉಳಿಯಬೇಕಾದರೆ ಪರದೇಶಿಗೆ ಕೇಂದ್ರ ಗೃಹ ಸಚಿವಾಲಯದ ಪರ್ಮಿಟ್ ಬೇಕು. ಇಲ್ಲದಿದ್ದರೆ ಸಂಜೆ ಗಾಡಿ ಹತ್ತಿ ಕುಶಾಲನಗರದಲ್ಲಿ ರೂಮು ಮಾಡಬೇಕು. ಈ ನಿಯಮ ನನಗೆ ಅತಿ ಅನಿಸುತ್ತೆ. ಧ್ಯಾನ ಕಲಿಯಲು ಬಂದವನು ಕಾವೇರಿ ದಾಟಿ ಮಲಗಿದರೆ ದೇಶಕ್ಕೆ ಏನು ಲಾಭವೋ. ಆದರೆ ಅದು ಬರಹದಲ್ಲಿದೆ. ಅರ್ಜಿ ಹಾಕಬಹುದು, ಕೋರ್ಟಿಗೆ ಹೋಗಬಹುದು.

ಬೆಂಗಳೂರಿನ ಪಿಜಿಗಳ ಗೇಟು ಇನ್ನೊಂದು ಥರ. ಹುಡುಗಿಯರ ಪಿಜಿಯಲ್ಲಿ ಹತ್ತಕ್ಕೆ ಬೀಗ. ಸಹಿ ಹಾಕಿದ್ದೀಯಲ್ಲ, ನೀನೇ ಒಪ್ಪಿದ್ದು ಅನ್ನುತ್ತಾರೆ ಓನರ್. ಸೈನಿಕನೂ ಸಹಿ ಹಾಕಿಯೇ ಬಂದವನು, ಆದರೆ ಅವನಿಗೆ ಸಂಬಳ ಬರುತ್ತೆ. ಈ ಹುಡುಗಿ ಬಾಡಿಗೆ ತಾನೇ ಕಟ್ಟಿ ಒಳಗೆ ಕೂರಬೇಕು.

ಇವೆಲ್ಲಕ್ಕಿಂತ ನನಗೆ ಕಸಿವಿಸಿ ತಂದದ್ದು 2022ರ ಡಿಸೆಂಬರ್‌ನಲ್ಲಿ ಓದಿದ ಸುದ್ದಿ. ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ಗಂಡ ಹೆಂಡತಿ ಒಂದು ಹುಟ್ಟುಹಬ್ಬ ಮುಗಿಸಿ ಹನ್ನೆರಡೂವರೆ ಸುಮಾರಿಗೆ ಮನೆಗೆ ನಡೆದು ಹೋಗುತ್ತಿದ್ದರು. ಗಸ್ತಿನ ಇಬ್ಬರು ಪೊಲೀಸರು ತಡೆದು, ಹನ್ನೊಂದರ ಮೇಲೆ ರಸ್ತೆಯಲ್ಲಿ ಓಡಾಡುವ ಹಾಗಿಲ್ಲ ಅಂದರು. ಮೂರು ಸಾವಿರ ದಂಡ ಕೇಳಿದರು. ಕೊನೆಗೆ ಪೇಟಿಎಂನಲ್ಲಿ ಒಂದು ಸಾವಿರ ಹಾಕಿಸಿಕೊಂಡು ಬಿಟ್ಟರು. ಹನ್ನೊಂದರ ನಿಯಮ ಬೆಂಗಳೂರಿನಲ್ಲಿ ಇರಲೇ ಇಲ್ಲ! ಸೋಲ್‌ನಲ್ಲಿ ಇದ್ದ ಕರ್ಫ್ಯೂವನ್ನೇ ಊರಿನ ಪೊಲೀಸರು ಮುಟ್ಟಲಿಲ್ಲ, ನಮ್ಮೂರಿನಲ್ಲಿ ಇಲ್ಲದ ಕರ್ಫ್ಯೂಗೆ ದಂಡ ವಸೂಲಿ.

ಗಂಡ ಟ್ವಿಟ್ಟರ್‌ನಲ್ಲಿ ಪೊಲೀಸ್ ಕಮಿಷನರ್‌ಗೆ ಎಲ್ಲವನ್ನೂ ಬರೆದ. ಇಬ್ಬರೂ ಸಸ್ಪೆಂಡ್ ಆದರು. ಒಳ್ಳೆಯದಾಯಿತು. ಆದರೆ ಅವನಿಗೆ ಬರೆಯಲು ಗೊತ್ತಿತ್ತು, ಪೇಟಿಎಂ ದಾಖಲೆ ಇತ್ತು. ಪಾಳಿ ಮುಗಿಸಿ ನಡೆದು ಹೋಗುವ ಅಸ್ಸಾಮಿನ ಸೆಕ್ಯುರಿಟಿ ಗಾರ್ಡು, ವೀಸಾ ಮುಗಿಯುತ್ತ ಬಂದ ಆಫ್ರಿಕಾದ ವಿದ್ಯಾರ್ಥಿ, ಇವರ ಹತ್ತಿರ ಕೇಳಿದರೆ ನಗದೇ ಕೊಡುತ್ತಾರೆ, ರಸೀದಿ ಕೇಳುವುದಿಲ್ಲ.