ಬೇಟೆ ನಿಲ್ಲಿಸಿದರೆ ಈ ರೋಗ ನಿಲ್ಲಲ್ಲ

ಬಿಳಿಬಾಲದ ಜಿಂಕೆಗಳ ಬೇಟೆ ನಿಷೇಧಿಸಿದರೆ ಅವುಗಳನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ರೋಗ ತಾನಾಗೇ ತಗ್ಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದು ಒಪ್ಪುವ ಮಾತಲ್ಲ. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಇಲ್ಲೂ ಪಕ್ಕದ ಇಲಿನಾಯ್‌ನಲ್ಲೂ ರೋಗ ಪತ್ತೆಯಾಗಿದ್ದು ಒಂದೇ ವರ್ಷ, 2002ರಲ್ಲಿ. ಇಲಿನಾಯ್‌ನವರು ರೋಗ ಸಿಕ್ಕ ಜಾಗಕ್ಕೇ ಸರ್ಕಾರಿ ಶೂಟರ್‌ಗಳನ್ನು ಕಳಿಸಿ ಜಿಂಕೆಗಳ ಸಂಖ್ಯೆ ಇಳಿಸುತ್ತಾ ಬಂದರು, ನಮ್ಮವರು ಜನರ ವಿರೋಧಕ್ಕೆ ಹೆದರಿ ಕೆಲವೇ ವರ್ಷದಲ್ಲಿ ಆ ಕೆಲಸ ಕೈಬಿಟ್ಟರು. ಮುಂದಿನ ಹತ್ತು ವರ್ಷದಲ್ಲಿ ಅಲ್ಲಿ ರೋಗ ಕಡಿಮೆ ಮಟ್ಟದಲ್ಲೇ ಉಳಿಯಿತು, ಇಲ್ಲಿ ಏರುತ್ತಲೇ ಹೋಯಿತು.

ಈ ರೋಗಕ್ಕೆ ಕಾರಣ ವೈರಸ್ ಅಲ್ಲ, ಆಕಾರ ಕೆಟ್ಟ ಪ್ರೋಟೀನ್, ಅಂದರೆ ಪ್ರಿಯಾನ್. ಜೊಲ್ಲು, ಮೂತ್ರ, ಹಿಕ್ಕೆಯಲ್ಲಿ ಹೊರಬಂದು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಿತ್ತಲಲ್ಲಿ ಮೆಕ್ಕೆಜೋಳ ಸುರಿದು 'ಪಾಪ, ಚಳಿಗಾಲ' ಅನ್ನುವ ನೆರೆಯವರು ನಮ್ಮಲ್ಲೂ ಇದ್ದಾರೆ. ಏಳೆಂಟು ಜಿಂಕೆ ಒಂದೇ ರಾಶಿಗೆ ಮೂತಿ ಹಾಕಿದರೆ ಏನಾಗುತ್ತದೆ ಹೇಳಿ? ಸೋಂಕು ತಗುಲಿದ ಜಿಂಕೆ ಒಂದೂವರೆ ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ನೋಡೋಕೆ ಗಟ್ಟಿಮುಟ್ಟಾಗೇ ಇರುತ್ತದೆ. ಮಾಂಸ ಬೇಯಿಸಿದರೂ ಪ್ರಿಯಾನ್ ಹಾಳಾಗಲ್ಲ. ಮನುಷ್ಯರಿಗೆ ಬಂದಿದ್ದು ಇದುವರೆಗೆ ದೃಢಪಟ್ಟಿಲ್ಲ, ನಿಜ, ಆದರೂ ಸೋಂಕಿರುವ ಮಾಂಸ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆ ಹೇಳುತ್ತದೆ.

ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಬರಲೇ ಇಲ್ಲ. ಬೇಟೆಗಾರರು ಹೊಡೆದ ಜಿಂಕೆಯ ತಲೆಯನ್ನು ಐದು ಇಂಚು ಕತ್ತಿನ ಸಮೇತ ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಕಟ್ಟಿ ಸಂಗ್ರಹ ಪೆಟ್ಟಿಗೆಯಲ್ಲಿ ಬಿಟ್ಟುಹೋಗುತ್ತಾರೆ. ಗಂಟಲ ಹಿಂದಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದು ರೋಗ ಇದೆಯಾ ಅಂತ ಪರೀಕ್ಷೆ ಮಾಡೋದು ಹೀಗೇ. ಬೇಟೆ ನಿಲ್ಲಿಸಿದರೆ ಆ ಮಾದರಿಗಳನ್ನು ಎಲ್ಲಿಂದ ತರ್ತೀರಿ?