ಅವ್ವನಿಗೆ ಐದು ನಿಮಿಷ ಕೂತುಕೊಳ್ಳಲು ಬಿಡಿ

ಬೇಸಿಗೆಯಲ್ಲಿ ಅವ್ವನನ್ನು ಗಂಗಾವತಿಯ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ನಿಂತೇ ಬಂದಿದ್ದೆವು. ಸುಡು ಬಿಸಿಲು, ಮೇಲೆ ಎರಡು ಮಹಡಿ ಮೆಟ್ಟಿಲು. ಅವ್ವ ಸ್ಟೂಲ್ ಮೇಲೆ ಕೂತಿದ್ದೇ ತಡ, ಅಲ್ಲಿದ್ದ ಹುಡುಗಿ ಕುಪ್ಪಸದ ತೋಳಿನ ಮೇಲೇ ಬಿಪಿ (ರಕ್ತದ ಒತ್ತಡ) ನೋಡುವ ಮಷಿನಿನ ಪಟ್ಟಿ ಸುತ್ತಿ ಬಟನ್ ಒತ್ತಿದಳು. ಪಟ್ಟಿ ಉಬ್ಬುವಾಗಲೇ "ಯವ್ವಾ, ವಯಸ್ಸೆಷ್ಟು? ಶುಗರ್ ಐತೇನು?" ಅಂತ ಕೇಳಿದಳು. ಅವ್ವ ಏದುಸಿರಲ್ಲೇ ಉತ್ತರ ಕೊಟ್ಟಳು. ಕೈ ತೊಡೆಯ ಮೇಲಿತ್ತು. 172ಕ್ಕೆ 98 ಬಂತು. ಚೀಟಿಗೆ ಇನ್ನೊಂದು ಗುಳಿಗೆ ಸೇರಿತು.

ನಾಲ್ಕನೇ ದಿನ ಬೆಳಿಗ್ಗೆ ರೊಟ್ಟಿ ಬಡಿದು ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಅಕ್ಕ ಪಕ್ಕದಲ್ಲೇ ಇದ್ದಳು, ಹಿಡಿದುಕೊಂಡಳು. ಇಲ್ಲದಿದ್ದರೆ ಒಲೆಯ ಮೇಲೇ ಬೀಳುತ್ತಿದ್ದಳು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಕೊಪ್ಪಳದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ಮೊದಲು ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಿಸಿದರು. ಪಾದ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಬರಿ ರಟ್ಟೆಗೆ ಪಟ್ಟಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿದರು. 104ಕ್ಕೆ 62. ಹೊಸ ಗುಳಿಗೆ ನಿಲ್ಲಿಸಿ, ಒಂದು ವಾರ ಮನೆಯಲ್ಲೇ ಬೆಳಿಗ್ಗೆ ಸಂಜೆ ನೋಡಿ ಬರೆದು ತರಲು ಹೇಳಿದರು. (ಡಾಕ್ಟರನ್ನು ಕೇಳದೆ ಯಾರೂ ಗುಳಿಗೆ ಬಿಡಬೇಡಿ.)

ಮಷಿನ್ ಮೇಲೆ ನನಗೆ ಸಿಟ್ಟಿಲ್ಲ. ಹಿಂದೆ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ರಕ್ತನಾಳದ ಸಪ್ಪಳ ಕೇಳುತ್ತಿದ್ದರು. ಆ ಸಪ್ಪಳದ ವಿಷಯ 1905ರಲ್ಲಿ ತಿಳಿಸಿದ್ದು ರಷ್ಯಾದ ಕೊರೊಟ್ಕಾಫ್. ಈಗಿನ ಬಟನ್ ಮಷಿನ್ ಸಪ್ಪಳ ಕೇಳುವುದಿಲ್ಲ. ಪಟ್ಟಿ ಬಿಗಿಯಾಗಿ ರಕ್ತದ ಓಟ ತಡೆಯುತ್ತದೆ. ಆಮೇಲೆ ಗಾಳಿ ಮೆಲ್ಲಗೆ ಬಿಡುವಾಗ, ನಾಡಿ ಬಡಿದಾಗೆಲ್ಲ ಪಟ್ಟಿಯೊಳಗಿನ ಗಾಳಿ ಸಣ್ಣಗೆ ಅದುರುತ್ತದೆ. ಅದುರುವುದು ಎಲ್ಲಿ ಜಾಸ್ತಿಯೋ ಅದು ಸರಾಸರಿ ಒತ್ತಡ. ಮೇಲಿನ, ಕೆಳಗಿನ ಅಂಕಿಗಳನ್ನು ಮಷಿನ್ ಆ ಅದುರುವಿಕೆಯಿಂದ ಲೆಕ್ಕ ಹಾಕಿ ತೋರಿಸುತ್ತದೆ. ಇಷ್ಟು ನಾಜೂಕಿನ ಲೆಕ್ಕ ಇದು. ಕೈ ಅಲುಗಿದರೆ, ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಕೆಡುತ್ತದೆ. ಮಾತಾಡಿದರೆ ಒತ್ತಡವೇ ಏರುತ್ತದೆ. ಕೈ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸಾಕು, ಏಳೆಂಟು ಅಂಕಿ ಜಾಸ್ತಿ ಬರುತ್ತದೆ.

ಪಟ್ಟಿಯ ಅಳತೆಯನ್ನಂತೂ ಯಾರೂ ನೋಡುವುದೇ ಇಲ್ಲ. ನಮ್ಮ ಭಾವ ಹಮಾಲಿ, ಭತ್ತದ ಚೀಲ ಹೊತ್ತು ಗಟ್ಟಿಯಾದ ರಟ್ಟೆ. ಟೇಪಿನಲ್ಲಿ ಅಳೆದರೆ 37 ಸೆಂ.ಮೀ. ನಮ್ಮ ಮನೆಯ ಪಟ್ಟಿಯ ಮೇಲೆ 22ರಿಂದ 32 ಅಂತ ಬರೆದಿದೆ. ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಅವರಿಗೆ ದೊಡ್ಡ ಪಟ್ಟಿ ಬೇರೆ ತರಿಸಿದೆವು.

ದವಾಖಾನೆಗಳಲ್ಲಿ ರಶ್ ಇರುತ್ತದೆ, ಆ ಹುಡುಗಿಗೂ ನೂರು ಕೆಲಸ, ಗೊತ್ತು. ಆದರೆ ಆ ಒಂದು ಅಂಕಿ ನೋಡಿಯೇ ಅಲ್ವಾ ವರ್ಷಗಟ್ಟಲೆ ಗುಳಿಗೆ ಬರೆಯುವುದು? ಹೊರಗಿನ ಬೆಂಚಿನಲ್ಲಿ ಹೇಗೂ ಅರ್ಧ ಗಂಟೆ ಕಾಯಿಸುತ್ತಾರೆ. ಪಟ್ಟಿಯನ್ನು ಅಲ್ಲೇ ಕಟ್ಟಿ ನೋಡಬಹುದು. ಹಿರಿಯರ ಜೊತೆ ಹೋದವರು ನಾವೂ ಬಾಯಿ ಬಿಡಬೇಕು. "ಅಕ್ಕಾರ, ಈಗಷ್ಟೇ ಮೆಟ್ಟಿಲು ಹತ್ತ್ಯಾರ, ಸ್ವಲ್ಪ ತಡೀರಿ" ಅಂದರೆ ಯಾರೂ ಬೈಯುವುದಿಲ್ಲ. ಅವತ್ತು ನಾನು ಅನ್ನಲಿಲ್ಲ.

ಆ ವಾರ ಬರೆದಿಟ್ಟ ಅಂಕಿಗಳನ್ನು ನೋಡಿ ಕೊಪ್ಪಳದ ಡಾಕ್ಟರು ಹಳೆಯ ಗುಳಿಗೆ ಒಂದೇ ಸಾಕು ಎಂದರು. ಮನೆಯಲ್ಲಿ ನೋಡಿದಾಗ 135ಕ್ಕೆ 85ರ ಒಳಗಿರಬೇಕಂತೆ, ಅವ್ವನದು ಅದರೊಳಗೇ ಇತ್ತು. ಈಗಲೂ ಅವ್ವ ಬೆಳಿಗ್ಗೆ ಚಹಾಕ್ಕೆ ಮೊದಲೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಾಳೆ. ಮೊಮ್ಮಗಳು ಗಡಿಯಾರ ನೋಡಿ ಐದು ನಿಮಿಷ ಆದ ಮೇಲೆ ಬಟನ್ ಒತ್ತುತ್ತಾಳೆ. ಅಷ್ಟರಲ್ಲಿ ನಾನು ಏನಾದರೂ ಕೇಳಿದರೆ ಅವ್ವ ಇನ್ನೊಂದು ಕೈಯಿಂದ ಸುಮ್ಮನಿರು ಅಂತ ಸನ್ನೆ ಮಾಡುತ್ತಾಳೆ.